ತಟ್ಟೆಯಲ್ಲಿ ಇಡಬೇಕಿದ್ದ ಮೇಕಪ್ ಪೆಟ್ಟಿಗೆ

ನಾನು ಕಪ್ಪು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ನಮ್ಮ ಕಡೆಯವರು ಈ ಒಂದು ಮಾತು ಹೇಳುವುದಕ್ಕೆ ಊರೆಲ್ಲ ಸುತ್ತಿ ಬರುತ್ತಾರೆ. ‘ಬಣ್ಣ ಒಂದು ಚೂರು ಕಮ್ಮಿ’ ಅನ್ನುತ್ತಾರೆ, ‘ಆದರೂ ಮುಖದಲ್ಲಿ ಕಳೆ ಐತೆ’ ಅನ್ನುತ್ತಾರೆ. ಆ ‘ಆದರೂ’ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಪ್ಪು ಅಂದರೆ ಕಪ್ಪು. ಅದರಲ್ಲಿ ಕಮ್ಮಿಯಾಗಿರುವುದು ಏನೂ ಇಲ್ಲ.

ತೊಂಬತ್ತರ ದಶಕದ ನಡುವಿನ ಮಾತು ಇದು. ಹನ್ನೆರಡನೇ ಕ್ಲಾಸು ಮುಗಿಸಿ, ತಮಿಳುನಾಡಿನ ಸೇಲಂ ಕಡೆಯ ಮೇಚೇರಿಯಲ್ಲಿ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ನಮ್ಮೂರು ನಂಗವಳ್ಳಿಯ ಪಕ್ಕ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಫೋಟೋ ತೆಗೆಯುವುದು ಮಾಲೀಕರು. ಬಂದವರ ಕಾಲರ್ ಸರಿ ಮಾಡುವುದು, ಹೆಂಗಸರ ಸೆರಗಿಗೆ ಪಿನ್ನು ಹಾಕುವುದು, ಮಕ್ಕಳ ಮೂಗು ಒರೆಸುವುದು ನನ್ನ ಪಾಲು. ಸಂತೆಯ ದಿನವಂತೂ ಉಸಿರಾಡಲು ಪುರುಸೊತ್ತಿಲ್ಲ. ಕುರಿ ಮಾರಿದವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ನೇರ ಸ್ಟುಡಿಯೋಗೇ ಬರುತ್ತಿದ್ದರು.

ಸ್ಟುಡಿಯೋದ ಮೂಲೆಯಲ್ಲಿ ಒಂದು ಕನ್ನಡಿ, ಒಂದು ಬಾಚಣಿಗೆ, ಒಂದು ಪೌಡರ್ ಡಬ್ಬಿ. ಬಂದವರೆಲ್ಲ ಆ ಪೌಡರನ್ನು ಅಂಗೈಗೆ ಸುರಿದುಕೊಂಡು ಮುಖಕ್ಕೆ ಬಡಿದುಕೊಳ್ಳುವರು. ಆಮೇಲೆ ಫ್ಲ್ಯಾಶ್ ಬೀಳುತ್ತಿದ್ದಂತೆ ಮುಖ ಬೂದಿ, ಕತ್ತು ಕಪ್ಪು. ಒಂದೇ ಫೋಟೋದಲ್ಲಿ ಎರಡು ಜನ. ಇದನ್ನು ನೋಡಿ ನೋಡಿ ಸಾಕಾಗಿ ನಾನು ಒದ್ದೆ ಬಟ್ಟೆ ಇಟ್ಟುಕೊಂಡು, ಕ್ಯಾಮೆರಾ ಮುಂದೆ ಕೂರುವ ಮೊದಲು ಎಲ್ಲರ ಮುಖ ಒರೆಸಿಬಿಡುತ್ತಿದ್ದೆ. ಬೈಯುವವರು ಬೈಯುತ್ತಿದ್ದರು. ಪ್ರಿಂಟು ಕೈಗೆ ಬಂದಾಗ ಸುಮ್ಮನಾಗುತ್ತಿದ್ದರು. ಮುಖ, ಬೆಳಕು, ಪೌಡರು, ಈ ಮೂರರ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಅಂಥ ಹೊತ್ತಿನಲ್ಲಿ ನನಗೆ ಗಂಡು ಗೊತ್ತಾಯಿತು. ಪೆನ್ನಾಗರದ ಕಡೆಯವರು, ನಮ್ಮಂತೆಯೇ ಮನೆಯಲ್ಲಿ ಕನ್ನಡ, ಬೀದಿಗಿಳಿದರೆ ತಮಿಳು. ಹುಡುಗ ಮೋಟಾರ್ ರಿಪೇರಿ ಮಾಡುತ್ತಿದ್ದ. ನೋಡಲು ಬಂದಾಗ ಒಂದು ಮಾತೂ ಆಡಲಿಲ್ಲ, ಆದರೆ ಕೊಟ್ಟ ಬೋಂಡ ಪೂರ್ತಿ ತಿಂದ. ಅವನ ತಾಯಿ, ಅಂದರೆ ಮುಂದೆ ನನ್ನ ಅತ್ತೆ ಆಗಬೇಕಾದವರು, ಗಟ್ಟಿ ಹೆಂಗಸು. ಅವರೂ ನನ್ನಷ್ಟೇ ಕಪ್ಪು. ಅವರ ಜೊತೆ ಅವರ ನಾದಿನಿ, ಹುಡುಗನ ಸೋದರತ್ತೆ, ಬಂದಿದ್ದಳು. ಆಕೆ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿ, “ಉಡ್ಗಿ ಲಕ್ಸಣವಾಗವ್ಳೆ. ಬಣ್ಣ ಒಂದ್ ಚೂರು ಕಮ್ಮಿ, ಪರವಾಯಿಲ್ಲೆ,” ಅಂದಳು. ಆಕೆಗೆ ತನ್ನ ಮಗಳನ್ನೇ ಆ ಹುಡುಗನಿಗೆ ಕೊಡುವ ಆಸೆ ಇತ್ತಂತೆ. ಅದು ನಮಗೆ ಆಮೇಲೆ ಗೊತ್ತಾಯಿತು.

ಇನ್ನು ತಟ್ಟೆಯ ವಿಷಯ. ನಮ್ಮಲ್ಲಿ ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯವರು ಸಾಲಾಗಿ ತಟ್ಟೆ ಹೊತ್ತು ತರುತ್ತಾರೆ. ಸೀರೆ ಒಂದರಲ್ಲಿ, ಹೂವು ಒಂದರಲ್ಲಿ, ಹಣ್ಣು, ಬಳೆ, ಅರಿಶಿನ ಕುಂಕುಮ. ಇದಕ್ಕೆ ತಮಿಳಿನಲ್ಲಿ ಹೇಳುವಂತೆ ನಾವೂ ಸೀರು ಅನ್ನುತ್ತೇವೆ. ಆ ವರ್ಷಗಳಲ್ಲಿ ಸೀರಿಗೆ ಹೊಸದಾಗಿ ಒಂದು ತಟ್ಟೆ ಸೇರಿಕೊಂಡಿತ್ತು, ಮೇಕಪ್ ಸೆಟ್ಟಿನ ತಟ್ಟೆ. ಮೊದಲು ಒಂದು ಸೋಪು, ಸ್ನೋ, ಪೌಡರು ಇಡುತ್ತಿದ್ದರು. ಆಮೇಲೆ ಯಾರೋ ಒಬ್ಬರು ಸೇಲಂನಿಂದ ಪೆಟ್ಟಿಗೆ ತಂದರು. ಮುಚ್ಚಳ ತೆರೆದರೆ ಮೆಟ್ಟಿಲು ಮೆಟ್ಟಿಲಾಗಿ ಬಣ್ಣಗಳು ಹೊರಗೆ ಬರುವ ದೊಡ್ಡ ಪೆಟ್ಟಿಗೆ. ಮುಂದಿನ ಮದುವೆಯವರು ಅದಕ್ಕಿಂತ ದೊಡ್ಡದು ತಂದರು. ಅದರ ಮುಂದಿನವರದ್ದು ಹೊರುವುದಕ್ಕೇ ಇಬ್ಬರು ಬೇಕು.

ಇದರಲ್ಲಿ ಒಂದು ವಿಚಿತ್ರ ಇದೆ. ಆ ತಟ್ಟೆಯ ಮೇಲೆ ಹಳದಿ ಗ್ಲಾಸ್ ಪೇಪರ್ ಸುತ್ತಿ ರಿಬ್ಬನ್ ಕಟ್ಟಿರುತ್ತಾರೆ. ಮದುವೆ ಆಗುವ ತನಕ ಯಾರೂ ಬಿಚ್ಚುವಂತಿಲ್ಲ. ಬಂದವರೆಲ್ಲ ಪೇಪರಿನ ಮೇಲಿನಿಂದಲೇ ನೋಡಿ, “ಅಬ್ಬಾ, ಎಷ್ಟು ದೊಡ್ದು!” ಅನ್ನಬೇಕು. ಬೀರು ಮೇಲೆ ಹೋಗಿ ಕೂತ ಪೆಟ್ಟಿಗೆ ಮದುವೆಯ ಬೆಳಗ್ಗೆ ಕೆಳಗಿಳಿಯುತ್ತದೆ. ಅದರೊಳಗೆ ಏನಿದೆ, ತನ್ನ ಮುಖಕ್ಕೆ ಹೊಂದುತ್ತದೋ ಇಲ್ಲವೋ ಅಂತ ಹೆಣ್ಣಿಗೆ ಗೊತ್ತಾಗುವುದು ಆಗ. ಹಸೆಮಣೆಗೆ ಹೊರಟ ಹೊತ್ತಿನಲ್ಲಿ ಗೊತ್ತಾಗಿ ಏನು ಪ್ರಯೋಜನ, ಹೇಳಿ? ಬಟ್ಟೆಯಾದರೆ ಅಳತೆ ಕೊಟ್ಟು ಹೊಲಿಸುತ್ತಾರೆ. ಮುಖಕ್ಕೆ ಮಾತ್ರ ಅಳತೆ ಬೇಡವಂತೆ.

ನಮ್ಮ ಬೀದಿಯ ಒಬ್ಬ ಅಕ್ಕನಿಗೆ ಹೀಗೇ ಆಯಿತು. ಮದುವೆ ಕಳೆದ ಮೇಲೆ ಆಕೆ ಆಲ್ಬಮ್ ಹಿಡಿದು ಸ್ಟುಡಿಯೋಗೆ ಬಂದಳು. ಎಲ್ಲ ಫೋಟೋದಲ್ಲೂ ಸುಣ್ಣ ಬಳಿದ ಗೋಡೆಯಂಥ ಮುಖ, ಕಣ್ಣಿನ ಮೇಲೆ ನೀಲಿ. “ಇದ್ರಲ್ಲಿ ನಾನಿಲ್ಲ ಕಣೆ. ಇನ್ನೊಂದ್ ಸಲ ಪ್ರಿಂಟು ಆಕಿದ್ರೆ ನಾನು ಬತ್ತೀನಾ?” ಅಂತ ಕೇಳಿದಳು. ಬರುವುದಿಲ್ಲ ಅಂತ ನಾನೇ ಹೇಳಬೇಕಾಯಿತು. ಆಕೆ ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತಳು. ಆವತ್ತೇ ನಾನು ತೀರ್ಮಾನಿಸಿದೆ, ನನ್ನ ಮದುವೆ ಫೋಟೋದಲ್ಲಿ ನಾನು ಇರಬೇಕು. ಬೇರೆ ಏನೂ ಇಲ್ಲದಿದ್ದರೂ ಸರಿ.

ನಿಶ್ಚಿತಾರ್ಥಕ್ಕೆ ಮೊದಲು ಅತ್ತೆ ನಮ್ಮ ಮನೆಗೆ ಬಂದರು. ಸೇಲಂಗೆ ಹೋಗಿ ಸೀರೆಯನ್ನೂ ಮೇಕಪ್ ಪೆಟ್ಟಿಗೆಯನ್ನೂ ತರುತ್ತೇನೆ, ಸೀರೆಗೆ ಯಾವ ಬಣ್ಣ ಇಷ್ಟ ಅಂತ ಕೇಳಲು ಬಂದಿದ್ದರು. ಸೀರೆಯ ಬಣ್ಣ ಕೇಳುವುದೇ ದೊಡ್ಡ ಮಾತು ಆ ಕಾಲಕ್ಕೆ. ನಾನು ಹೇಳಿದೆ, “ಸೀರೆ ನೀವು ಯಾವ್ದು ತಂದ್ರೂ ಸರಿ ಅತ್ತೆ. ಪೆಟ್ಟಿಗೆ ತಗೊಳ್ಳೋಕೆ ನಾನೂ ಬತ್ತೀನಿ.”

ಅವ್ವ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು. ಮದುವೆಗೆ ಮುಂಚೆ ಹೆಣ್ಣು ಅತ್ತೆಯ ಜೊತೆ ಅಂಗಡಿಗೆ ಹೋಗಿ ತನ್ನ ಸೀರು ತಾನೇ ಆರಿಸುವುದು ಎಲ್ಲಾದರೂ ಉಂಟೆ? ಅತ್ತೆ ಎಲೆ ಅಡಿಕೆ ಸೆರಗಿಗೆ ಕಟ್ಟಿಕೊಂಡು ಎದ್ದರು. “ಬಾ ಮತ್ತೆ. ಮೂಟೆ ಇಡ್ಕಳಾಕೆ ಒಂದ್ ಜನ ಆಯ್ತದೆ,” ಅಂದರು.

ತಾರಮಂಗಲದ ಮೇಲೆ ಹೋಗುವ ಬಸ್ಸು ಹತ್ತಿ ಸೇಲಂಗೆ ಹೋದೆವು. ಸೀರೆ ಬೇಗ ಮುಗಿಯಿತು. ಆಮೇಲೆ ಬಜಾರು ಬೀದಿಯ ಒಂದು ಫ್ಯಾನ್ಸಿ ಸ್ಟೋರು. ಅತ್ತೆ ಕೈ ಅಗಲಿಸಿ ತೋರಿಸಿ, “ಇರೋದ್ರಲ್ಲಿ ಪೆರ್ಸಾ ಒಂದು ಕುಡುಂಗೋ,” ಅಂದರು, ದೊಡ್ಡದೊಂದು ಕೊಡಿ ಅಂತ. ಅಂಗಡಿಯವರು ಏಣಿ ಹತ್ತಿ ಮೇಲಿನಿಂದ ಒಂದು ಪೆಟ್ಟಿಗೆ ಇಳಿಸಿದರು. ಮಿರಮಿರ ಮಿಂಚುವ ಕಪ್ಪು ಪ್ಲಾಸ್ಟಿಕ್ಕು, ಚಿನ್ನದ ಬಣ್ಣದ ಕೊಂಡಿ. ಮುಚ್ಚಳ ಎತ್ತಿದರೆ ಒಳಗೆ ಕನ್ನಡಿ, ಎರಡು ಕಡೆಗೂ ತಟ್ಟೆಗಳು ರೆಕ್ಕೆ ಬಿಚ್ಚಿದವು. ಕಣ್ಣಿಗೆ ಹಚ್ಚುವ ಬಣ್ಣಗಳು ಸಣ್ಣ ಸಣ್ಣ ಚೌಕದಲ್ಲಿ, ಕೆನ್ನೆಗೆ ಹಚ್ಚುವವು, ತುಟಿಯವು, ತುದಿಗೆ ಸ್ಪಾಂಜ್ ಇರುವ ಕಡ್ಡಿಗಳು, ನಡುವೆ ಪೌಡರು. ಸುಳ್ಳು ಹೇಳಬಾರದು, ಒಂದು ಗಳಿಗೆ ನನಗೂ ಬಾಯಲ್ಲಿ ನೀರೂರಿತು. ಚೆಂದ ಇತ್ತು.

“ಎಲ್ಲಾಮೇ ಇದುಕ್ಕುಳ್ಳೇ ಇರುಕ್ಕು ಮಾ,” ಅಂದರು ಅಂಗಡಿಯವರು. ಎಲ್ಲವೂ ಇದರೊಳಗೇ ಇದೆ, ಇನ್ನು ಜನ್ಮದಲ್ಲಿ ಬೇರೆ ಏನನ್ನೂ ಕೊಳ್ಳಬೇಕಾಗಿಲ್ಲ ಅಂತ. ಅತ್ತೆ ಪೆಟ್ಟಿಗೆಯನ್ನು ಎತ್ತಿ ಭಾರ ನೋಡಿದರು, ಕೊಂಡಿಯನ್ನು ಟಕಟಕ ಅಂತ ಹಾಕಿ ತೆಗೆದರು, ಕನ್ನಡಿಯನ್ನು ಸೆರಗಿನಿಂದ ಉಜ್ಜಿದರು. ಅವರಿಗೆ ಒಪ್ಪಿಗೆಯಾಯಿತು. “ಕಟ್ಟಿ ಕೊಡಿ,” ಅನ್ನುವ ಹೊತ್ತಿಗೆ ನಾನು, “ಒಂದ್ ನಿಮ್ಸ ಅತ್ತೆ,” ಅಂದೆ.

ಅಂಗಡಿಯಲ್ಲಿ ತೋರಿಸಲು ಇಟ್ಟಿದ್ದ ಇನ್ನೊಂದು ತೆರೆದ ಪೆಟ್ಟಿಗೆ ಇತ್ತು. ಅದರ ಮುಂದೆ ನಿಂತೆ. ಎಲ್ಲರೂ ಬಣ್ಣವನ್ನು ಮುಂಗೈಗೆ ಹಚ್ಚಿ ನೋಡುತ್ತಾರೆ. ಕೈ ಬೇರೆ, ಮುಖ ಬೇರೆ. ನಾನು ದವಡೆಗೆ ಹಚ್ಚಿದೆ, ಮುಖವೂ ಕತ್ತೂ ಕೂಡುವ ಜಾಗಕ್ಕೆ. ಅಲ್ಲಿ ಹೊಂದಿದರೆ ಎಲ್ಲೆಲ್ಲೂ ಹೊಂದುತ್ತದೆ. ಪೌಡರು ಅಚ್ಚ ಗುಲಾಬಿ ಬಿಳಿ. ನನ್ನ ದವಡೆಯ ಮೇಲೆ ಅದು ಹಲ್ಲಿಯ ಹೊಟ್ಟೆ ಕಂಡ ಹಾಗೆ ಕಂಡಿತು. ಕೆನ್ನೆಯ ಬಣ್ಣಗಳೂ ಅಷ್ಟೇ, ತೆಳು ಗುಲಾಬಿ, ಹಚ್ಚಿದರೆ ಹಚ್ಚಿದ್ದೇ ಗೊತ್ತಾಗದು, ಉಜ್ಜಿದರೆ ಬೂದಿ. ಕಣ್ಣಿನ ಸಾಲಿನಲ್ಲಿ ನೀಲಿ, ಗಿಳಿ ಹಸಿರು, ಬೆಳ್ಳಿ. ನಮ್ಮೂರಲ್ಲಿ ಗಿಳಿ ಹಸಿರು ಹಚ್ಚಿಕೊಂಡು ಯಾರನ್ನು ಹೆದರಿಸಬೇಕು? ಅಷ್ಟು ದೊಡ್ಡ ಪೆಟ್ಟಿಗೆಯಲ್ಲಿ ನನಗೆ ಆಗುವ ಬಣ್ಣ ಅಂದರೆ ಒಂದು ಕಂದು, ಒಂದು ಗಾಢ ಕೆಂಪು. ಅವೆರಡೂ ಎಲ್ಲಕ್ಕಿಂತ ಸಣ್ಣ ಚೌಕದಲ್ಲಿ, ಮೂಲೆಯಲ್ಲಿದ್ದವು.

ಅಲ್ಲಿಗೇ ನನ್ನ ಲೆಕ್ಕ ಮುಗಿಯಿತು. ಎಲ್ಲ ಇರುವ ಪೆಟ್ಟಿಗೆಯಲ್ಲಿ ನಮಗೆ ಬೇಕಾದದ್ದು ಚಿಟಿಕೆಯಷ್ಟು ಇರುತ್ತದೆ, ಬೇಡದ್ದು ಬೊಗಸೆಯಷ್ಟು. ಬೇಕಾದದ್ದು ಮುಗಿದ ಮೇಲೆ ಅದೊಂದನ್ನೇ ತರಲು ಬರುವುದಿಲ್ಲ. ಒಂದು ಬಣ್ಣ ಪುಡಿಯಾದರೆ ಎಲ್ಲದರ ಮೇಲೂ ಕೂರುತ್ತದೆ. ನಮ್ಮ ಶೀಟ್ ಮನೆಯ ಬಿಸಿಗೆ ತುಟಿಯ ಬಣ್ಣವೆಲ್ಲ ಕರಗಿ ಒಂದಾಗುತ್ತದೆ. ಇವತ್ತಿಗೂ ನನ್ನ ಅಭಿಪ್ರಾಯ ಇದೇ. ಬದಲಾಯಿಸುವಂಥದ್ದು ಏನೂ ಇದುವರೆಗೆ ಕಣ್ಣಿಗೆ ಬಿದ್ದಿಲ್ಲ.

“ಅತ್ತೆ, ಇದು ಬ್ಯಾಡ,” ಅಂದೆ.

“ಯಾಕೆ, ಸಣ್ದಾಯ್ತಾ?”

ಬಾಯಲ್ಲಿ ಹೇಳಿದರೆ ಆಗುವುದಿಲ್ಲ ಅನಿಸಿತು. ಆ ಪೌಡರನ್ನು ತೆಗೆದು ಅರ್ಧ ಮುಖಕ್ಕೆ ಮಾತ್ರ ಚೆನ್ನಾಗಿ ಬಳಿದುಕೊಂಡೆ. ಅಂಗಡಿಯ ಟ್ಯೂಬ್ ಲೈಟಿನಲ್ಲಿ ಅಭ್ಯಾಸವಿಲ್ಲದ ಕಣ್ಣಿಗೆ ಎಂಥ ಮುಖವೂ ಸರಿಯಾಗೇ ಕಾಣುತ್ತದೆ, ಹಾಗಾಗಿ ಅತ್ತೆಯ ಕೈ ಹಿಡಿದುಕೊಂಡು ಬೀದಿಗೆ ಬಂದು ನಡು ಬಿಸಿಲಿನಲ್ಲಿ ನಿಂತೆ. “ಈಗ ನೋಡಿ ಅತ್ತೆ. ಯಾವ್ ಕಡೆ ನಿಮ್ ಸೊಸೆ?”

ಬಜಾರು ಬೀದಿ. ಹೂವು ಮಾರುವವಳು ಮೊಳ ಹಾಕುವುದನ್ನು ಬಿಟ್ಟು ನೋಡಿದಳು. ಸೈಕಲ್ಲಿನವನೊಬ್ಬ ಬೆಲ್ಲು ಹೊಡೆಯುವುದನ್ನೇ ಮರೆತ. ಅತ್ತೆ ನೋಡಿದರು, ಎಡಕ್ಕೆ ಒಂದು ಸಲ, ಬಲಕ್ಕೆ ಒಂದು ಸಲ. ಅವರ ಮುಖ ಬಿಗಿಯಿತು. “ಸಾಕು, ಮಕ ಒರಸ್ಕೊ,” ಅಂದರು. ಅಂಗಡಿಯೊಳಗೆ ಹೋಗಿ, “ಬೇಡ,” ಅಂತ ಒಂದೇ ಮಾತು ಹೇಳಿ, ಸೀರೆಯ ಚೀಲ ಎತ್ತಿಕೊಂಡು ಹೊರಟೇಬಿಟ್ಟರು.

ನಾನು ಹಿಂದೆಯೇ ಓಡಿದೆ. ಅಯ್ಯೋ, ಬೀದಿಯಲ್ಲಿ ನಿಲ್ಲಿಸಿ ಮರ್ಯಾದೆ ಕಳೆದೆನಲ್ಲ, ಈ ಸಂಬಂಧ ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಅವ್ವನಿಗೆ ಏನು ಹೇಳುವುದು? ಪೌಡರಿನಿಂದ ಗಂಡು ತಪ್ಪಿತು ಅನ್ನುವುದೇ? ಆದರೂ ಒಳಗೊಳಗೆ, ನಾನು ಹೇಳಿದ್ದು ಸರಿ ಅಂತ ಅನಿಸುತ್ತಲೇ ಇತ್ತು. ಭಯವಿತ್ತು, ಪಶ್ಚಾತ್ತಾಪ ಇರಲಿಲ್ಲ.

ಬಸ್ ಸ್ಟ್ಯಾಂಡಿನ ಎದುರು ಒಂದು ಹೋಟೆಲಿಗೆ ಹೋಗಿ ಅತ್ತೆ ಎರಡು ಕಾಫಿ ಹೇಳಿದರು. ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಆರಿಸುತ್ತ ಕೂತರು. ಆಮೇಲೆ ಕೇಳಿದರು, “ನಿನ್ನ ಬಣ್ಣ ಮುಚ್ಚಾಕೆ ನಾನು ಅಷ್ಟ್ ದೊಡ್ಡ ಪೆಟ್ಗೆ ತತ್ತೀನಿ ಅನ್ಕಂಡ್ಯಾ?”

ನಾನು ಕೆನ್ನೆಯ ಮೇಲೆ ಉಳಿದಿದ್ದ ಪೌಡರನ್ನು ಕೈಯಿಂದ ಉಜ್ಜಿಕೊಂಡೆ.

“ಆ ಪೆಟ್ಗೆ ನಿನ್ನ ಮಕಕ್ಕಲ್ಲ ಮಗಾ. ನನ್ ನಾದಿನಿ ಬಾಯಿಗೆ,” ಅಂದರು. “ನಾನು ಆ ಮನೆಗೆ ಬಂದಾಗ ನನ್ನ ಸೀರಲ್ಲಿ ಏನೂ ಇರ್ಲಿಲ್ಲ. ‘ಈ ಕರ್ರಿಗೆ ಇನ್ನೇನ್ ಇಟ್ರೆ ತಾನೇ ಏನು’ ಅಂತ ಎಲ್ರ ಮುಂದೆ ಅಂದ್ಳು. ನಾನು ತಲೆ ಬಗ್ಗಿಸ್ಕಂಡು ನಿಂತಿದ್ದೆ. ಇವತ್ಗೂ ಅನ್ತಾಳೆ, ಇವತ್ಗೂ ನಾನು ತಲೆ ಬಗ್ಗಿಸ್ತೀನಿ. ನಿಂಗೆ ಅಂಗಾಗ್ಬಾರ್ದು. ಅವ್ಳು ಬಾಯ್ ತೆಗಿಯೋಕ್ ಮುಂಚೆ ಪೆಟ್ಗೆ ನೋಡಿ ಸುಮ್ಕಾಗ್ಬೇಕು ಅಂತ ನನ್ನ ಆಸೆ.”

ಅಂಗಡಿಯಲ್ಲಿ ನಾವಿಬ್ಬರೂ ಒಂದೇ ಪೆಟ್ಟಿಗೆಯನ್ನು ನೋಡುತ್ತಿದ್ದೆವು. ನಾನು ಬಣ್ಣ ನೋಡಿದೆ, ಅವರು ಭಾರ ನೋಡಿದರು. ಅವರ ಲೆಕ್ಕದಲ್ಲೂ ತಪ್ಪಿರಲಿಲ್ಲ. ಆದರೆ ಆ ಲೆಕ್ಕದಲ್ಲಿ ನಾದಿನಿಯ ಬಾಯಿ ಒಂದು ದಿನ ಮುಚ್ಚುತ್ತಿತ್ತು, ನನ್ನ ಮುಖ ಆಲ್ಬಮಿನಲ್ಲಿ ಜನ್ಮಪೂರ್ತಿ ಬೂದಿಯಾಗಿರುತ್ತಿತ್ತು. ಅದನ್ನೇ ಅವರಿಗೆ ಹೇಳಿದೆ. ಬೀದಿಯ ಅಕ್ಕ ಸ್ಟೂಲಿನ ಮೇಲೆ ಕೂತು ಅತ್ತದ್ದನ್ನೂ ಹೇಳಿದೆ. “ಬಿಡಿಬಿಡಿಯಾಗಿ ತಗಳಾನ ಅತ್ತೆ. ನನ್ನ ಬಣ್ಣಕ್ಕೆ ಸರಿಯಾದ್ದು ನಾಕೇ ನಾಕು ಸಾಮಾನು,” ಅಂದೆ.

“ತಟ್ಟೆ ಬೋಳು ಬೋಳಾಗಿ ಕಾಣ್ತದೆ. ಮಾತು ಬಂದೇ ಬತ್ತದೆ. ಎಲ್ರ ಮುಂದೆ ತಡ್ಕಂತೀಯಾ?”

“ನಾನು ತಡ್ಕಂತೀನಿ. ಆದ್ರೆ ಅವತ್ತು ನಾನು ಬಾಯ್ ಬಿಡಂಗಿಲ್ಲವಲ್ಲ ಅತ್ತೆ, ನಾನು ಹೆಣ್ಣು. ನೀವು ನನ್ನ ಪರವಾಗಿ ಮಾತಾಡ್ತೀರಾ?”

ಅತ್ತೆ ಉಳಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, “ಏಳು, ಬೇರೆ ಅಂಗ್ಡಿ ನೋಡಾನ,” ಅಂದರು. ಇನ್ನೊಂದು ಅಂಗಡಿಯಲ್ಲಿ ಹುಡುಕಿ ಹುಡುಕಿ ಕಂದು ಛಾಯೆಯ ಒಂದು ಪೌಡರ್ ಡಬ್ಬಿ, ದವಡೆಗೆ ಹಚ್ಚಿದರೆ ಎಲ್ಲಿ ಹಚ್ಚಿದೆ ಅಂತ ಗೊತ್ತಾಗದಂಥದ್ದು, ಸಿಕ್ಕಿತು. ಅದರ ಜೊತೆ ಮರೂನ್ ಲಿಪ್‌ಸ್ಟಿಕ್ಕು, ಕಾಡಿಗೆ, ಕೆನ್ನೆಗೆ ಇಟ್ಟಿಗೆ ಬಣ್ಣದ ಒಂದು ಡಬ್ಬಿ. ಎಲ್ಲ ಸೇರಿ ಒಂದು ಅಂಗೈಯಲ್ಲಿ ಹಿಡಿಯುತ್ತಿದ್ದವು. ಪ್ರತಿಯೊಂದನ್ನೂ ಬಿಸಿಲಿಗೆ ತಂದು ನೋಡಿದೆ. ಈ ಸಲ ಅತ್ತೆಯೇ ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

ನಿಶ್ಚಿತಾರ್ಥದ ದಿನ ನಮ್ಮ ಮನೆಯ ಮುಂದಿನ ಚಪ್ಪರದಲ್ಲಿ ಜಮಖಾನ ಹಾಸಿತ್ತು. ಗಂಡಿನ ಕಡೆಯ ಹೆಂಗಸರು ತಟ್ಟೆಗಳನ್ನು ತಂದು ಸಾಲಾಗಿ ಇಟ್ಟರು. ಸೀರೆಯ ತಟ್ಟೆ ಎದ್ದು ಕಾಣುತ್ತಿತ್ತು, ಹಣ್ಣಿನದು ಗೋಪುರ ಕಟ್ಟಿದಂತಿತ್ತು. ಕೊನೆಯಲ್ಲಿ ಮೇಕಪ್ ತಟ್ಟೆ. ಅತ್ತೆ ಸುತ್ತ ಮಲ್ಲಿಗೆ ತುಂಬಿಸಿ ಎಷ್ಟು ಕಷ್ಟಪಟ್ಟಿದ್ದರೂ ಹಳದಿ ಪೇಪರಿನೊಳಗೆ ನಾಲ್ಕು ಪುಟ್ಟ ಡಬ್ಬಿಗಳು ಕಳೆದುಹೋದವರ ಹಾಗೆ ಕೂತಿದ್ದವು. ಅವ್ವ ಅದನ್ನು ನೋಡಿ ನನ್ನನ್ನು ನೋಡಿದಳು. ನಾನು ಕತ್ತು ಬಗ್ಗಿಸದೆ ಕೂತಿದ್ದೆ.

ಅತ್ತೆಯ ನಾದಿನಿ ಒಂದೊಂದೇ ತಟ್ಟೆ ನೋಡುತ್ತ ಬಂದು ಅಲ್ಲಿ ನಿಂತಳು. ಬಗ್ಗಿ ತಟ್ಟೆಯನ್ನು ಕೈಗೆತ್ತಿಕೊಂಡಳು. ಎಲ್ಲರಿಗೂ ಕಾಣಲಿ ಅಂತ ಸ್ವಲ್ಪ ಮೇಲಕ್ಕೇ ಹಿಡಿದಳು.

“ಇದೇನು ಅತ್ತಿಗೆ, ಇಷ್ಟೇನಾ?” ಅಂದಳು. “ಉಡ್ಗಿ ಬಣ್ಣಕ್ಕೆ ಇಷ್ಟ್ ಸಣ್ ಡಬ್ಬಿ ಎಲ್ಲಿ ಸಾಕಾಯ್ತದೆ?”

ಅವ್ವನ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಹುಡುಗ ತನ್ನ ಕಾಲುಬೆರಳು ನೋಡುತ್ತಿದ್ದ. ನಾನು ಅತ್ತೆಯ ಕಡೆ ನೋಡಿದೆ. ಅವರು ವೀಳ್ಯದೆಲೆ ಜೋಡಿಸುತ್ತ ತಲೆ ಬಗ್ಗಿಸಿಕೊಂಡೇ ಇದ್ದರು. ಎಷ್ಟೋ ವರ್ಷದಿಂದ ಬಗ್ಗಿದ ತಲೆ. ಆಯಿತು, ಇಷ್ಟೇ, ನನ್ನ ಪಾಡು ನನಗೆ ಅಂದುಕೊಂಡೆ. ಆಗ ಅವರು ಎಲೆಗಳನ್ನು ಕೆಳಗಿಟ್ಟರು. ಎದ್ದು ಬಂದು ನಾದಿನಿಯ ಕೈಯಿಂದ ತಟ್ಟೆಯನ್ನು ತೆಗೆದುಕೊಂಡರು.

“ಅವ್ಳ ಮಕಕ್ಕೆ ಇಷ್ಟು ಸಾಕು ಕಣಮ್ಮ,” ಅಂದರು. “ನಿನ್ನ ಮಕಕ್ಕಾಗಿದ್ರೆ ಆ ದೊಡ್ಡ ಪೆಟ್ಗೇನೇ ತತ್ತಿದ್ದೆ.”

ಮೊದಲು ಯಾರೋ ಒಬ್ಬಳು ಮುದುಕಿ ಕಿಸಕ್ಕನೆ ನಕ್ಕಳು. ಆಮೇಲೆ ಇಡೀ ಚಪ್ಪರ ನಕ್ಕಿತು. ನಾದಿನಿ ಹೋಗಿ ಹಣ್ಣಿನ ತಟ್ಟೆ ಸರಿ ಮಾಡತೊಡಗಿದಳು. ಅತ್ತೆ ನಗಲಿಲ್ಲ. ತಟ್ಟೆಯನ್ನು ಕೆಳಗಿಡುವುದನ್ನೇ ಮರೆತು ಹಿಡಿದುಕೊಂಡೇ ನಿಂತಿದ್ದರು. ನಾನು ಎದ್ದು ತಟ್ಟೆಯ ಇನ್ನೊಂದು ಅಂಚು ಹಿಡಿದುಕೊಂಡೆ. ಗಂಡನನ್ನು ಒಪ್ಪಿಕೊಳ್ಳಲು ನನಗೆ ಆಮೇಲೆ ವರ್ಷವೇ ಹಿಡಿಯಿತು, ಅತ್ತೆಯನ್ನು ಒಪ್ಪಿಕೊಂಡದ್ದು ಮಾತ್ರ ಅವತ್ತು, ಆ ಚಪ್ಪರದಲ್ಲೇ.